ಅಕ್ಕನ ಪಕ್ಕದ ಸ್ಟೂಲು

ಫೆಬ್ರವರಿ 3

ಗುಬ್ಬಿ,

ನಾನಿಲ್ಲಿ ಕ್ಷೇಮ, ನೀನಲ್ಲಿ ಕ್ಷೇಮ ಎಂದು ಶುರುಮಾಡುವುದು ಅರ್ಜಿ ಬರೆಯುವವರ ಚಾಳಿ. ನಾನು ಹೇಗಿದ್ದೇನೆ ಎಂಬುದು ಈ ಕಾಗದ ಮುಗಿಯುವಷ್ಟರಲ್ಲಿ ನಿನಗೇ ಗೊತ್ತಾಗುತ್ತದೆ. ಫೋನು ಮಾಡಿದರೆ ನಾನೆಂದು ತಿಳಿದು ಕತ್ತರಿಸುತ್ತೀಯ. ಲಕೋಟೆಯನ್ನು ಕತ್ತರಿಸಿದರೆ ಒಳಗಿದ್ದವನು ಹೊರಗೆ ಬಂದೇ ಬರುತ್ತಾನೆ. ನೋಡಿದೆಯಾ, ಹಳ್ಳಿ ಶಾಲೆಯ ಏಳನೇ ಕ್ಲಾಸಿನ ಬುದ್ಧಿ!

ನಮ್ಮ ಬಡಾವಣೆಯ ಗ್ಯಾಲರಿ ನೆನಪಿದೆಯಲ್ಲ, ಹಿಂದೆ ಸಾಬೂನಿನ ಗೋದಾಮಾಗಿದ್ದದ್ದು? ಇಂದಿಗೂ ಥಂಡಿ ಹಿಡಿದರೆ ಅದರ ಗೋಡೆಗಳು ಈಗಷ್ಟೇ ಸ್ನಾನ ಮಾಡಿ ಬಂದವರ ಹಾಗೆ ಘಮ್ಮೆನ್ನುತ್ತವೆ. ಅಲ್ಲಿ ಮೇ ಹತ್ತರಿಂದ ಊರಿನ ಹೆಸರಾಂತ ಹನ್ನೊಂದು ಮಂದಿ ಕಲಾವಿದರ ಪ್ರದರ್ಶನ. ಚೌಕಟ್ಟು ಕಟ್ಟುವುದು, ಚಿತ್ರ ತೂಗುಹಾಕುವುದು, ದೀಪ ತಿರುಗಿಸುವುದು, ಹೆಸರಿನ ಫಲಕ ಬರೆಯುವುದು ಎಲ್ಲಕ್ಕೂ ನಿನ್ನ ಸೋದರಮಾವನೇ. ಹೇಳಿಕೊಳ್ಳಬಾರದು, ಆದರೆ ನಾನು ಹೇಳಿಕೊಳ್ಳದಿದ್ದರೆ ಇನ್ಯಾರು ಹೇಳುತ್ತಾರೆ? ಈ ಊರಿನ ಮುಕ್ಕಾಲು ಅಂಗಡಿಗಳ ಹಣೆಯ ಮೇಲೆ ಇರುವುದು ನನ್ನ ಅಕ್ಷರ. ನಲವತ್ತು ವರ್ಷ ಬೋರ್ಡು ಬರೆದಿದ್ದೇನೆ. ನನ್ನ ಬಿಳಿ ಪ್ಯಾಂಟಿನ ಮೇಲೆ ಒಂದೇ ಒಂದು ಹನಿ ಬಣ್ಣ ಯಾರಾದರೂ ತೋರಿಸಲಿ, ಮೀಸೆ ಬೋಳಿಸುತ್ತೇನೆ.

ಮೊನ್ನೆ ಗ್ಯಾಲರಿಯ ಕಾರ್ಯದರ್ಶಿಯಮ್ಮ ಅಂಗಡಿಗೆ ಬಂದರು. ಡ್ರಾಯಿಂಗ್ ಟೀಚರಾಗಿದ್ದವರು. ನಿವೃತ್ತರಾದರೂ ಎಲ್ಲರ ಕಡೆ ಕಿವಿ ಹಿಂಡುವ ಹಾಗೆಯೇ ನೋಡುತ್ತಾರೆ.

"ನಿಮ್ಮ ಅಕ್ಕನ ಮಗಳು ಉತ್ತರ ಬರೆದಿದ್ದಾರೆ."

"ಬರ್ತಾಳಂತಾ?"

"ನೀವೇ ಓದ್ಕೊಳ್ಳಿ."

ಓದಿದೆ. 'ನನ್ನ ಮಾವನ ಹತ್ತಿರ ಅಮ್ಮನ ಚಿತ್ರವಿದೆ. ಅದು ನಾನು ಬರೆದು ಮುಗಿಸಿದ ಹಾಗೆಯೇ ಇದ್ದರೆ ಹಾಕಿ, ಬರುತ್ತೇನೆ. ಇಲ್ಲದಿದ್ದರೆ ಪಟ್ಟಿಯಿಂದ ನನ್ನನ್ನು ಬಿಡಿ.'

"ಹಾಗೆಯೇ ಇದ್ದರೆ ಅಂದ್ರೇನ್ರೀ? ಚಿತ್ರ ಎದ್ದು ಓಡಾಡತ್ತಾ?"

"ಎದ್ದು ಓಡಾಡಲ್ಲ ಮೇಡಂ. ಒಬ್ಬ ಬಂದು ಕೂತುಬಿಟ್ಟಿದ್ದಾನೆ."

ಅಟ್ಟದಿಂದ ಇಳಿಸಿ, ಬಟ್ಟೆ ಸರಿಸಿ ತೋರಿಸಿದೆ. ಕಿಟಕಿಯ ಬೆಳಕು, ಕಬ್ಬಿಣದ ಮಂಚ, ದಿಂಬಿಗೆ ಒರಗಿದ ನನ್ನ ಅಕ್ಕ. ಪಕ್ಕದ ಸ್ಟೂಲಿನ ಮೇಲೆ ಅವಳ ಕೈ ಹಿಡಿದು ಕೂತ ನಾನು. ತಲೆ ತುಂಬ ಕೂದಲು, ಕಾಲಿಗೆ ಮಿರಿಮಿರಿ ಬೂಟು, ಕೆನ್ನೆಗೆ ಒಂದು ಹಿಡಿ ಕೆಂಪು ಜಾಸ್ತಿ.

"ಇದ್ಯಾರು, ಸಾಬೂನಿನ ಜಾಹೀರಾತಿನವನ ಹಾಗೆ?" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿದರು, ಚಿತ್ರ ನೋಡಿದರು, ಬಟ್ಟೆಯನ್ನು ತಾವೇ ಮತ್ತೆ ಮುಚ್ಚಿದರು.

ನಾಲ್ಕು ವರ್ಷವಾಯಿತು. ನೀನು ಬರೆದದ್ದು ಖಾಲಿ ಸ್ಟೂಲು. ಅಕ್ಕನನ್ನು ಕೊನೆಯ ಸಲ ಕಳಿಸಿಕೊಟ್ಟ ಮೇಲೆ, ಚಿತ್ರ ನನ್ನ ಹತ್ತಿರ ಬಿಟ್ಟು, ನೀನು ಹತ್ತು ದಿನ ಊರಲ್ಲಿರಲಿಲ್ಲ. ಅಷ್ಟರಲ್ಲಿ ನಾನು ನನ್ನನ್ನು ಅದರ ಮೇಲೆ ಬರೆದುಕೊಂಡೆ. ನೀನು ಬಂದ ದಿನ ನೆರೆಮನೆಯವರನ್ನೂ ಕರೆಸಿ ಜಾದೂಗಾರನ ಹಾಗೆ ಬಟ್ಟೆ ಎಳೆದೆ. ನೀನು ಹೆಗಲ ಚೀಲ ಕೆಳಗಿಡಲೂ ಇಲ್ಲ. ಅದೇ ಚೀಲದೊಂದಿಗೆ ಹೋದೆ. ಅಕ್ಕ ಮಲಗಿದ್ದ ಹತ್ತೊಂಬತ್ತು ದಿನದಲ್ಲಿ ನಾನು ಒಂದು ದಿನವೂ ಬರಲಿಲ್ಲ, ಒಪ್ಪಿದೆ. ಐದಂತಸ್ತಿನ ಗೋಡೆ ಬರೆಯುವ ಕೆಲಸ ನನ್ನ ತಲೆಯ ಮೇಲಿತ್ತು, ಅದನ್ನು ನೀನೂ ಒಪ್ಪಬೇಕು. ಖಾಲಿ ಜಾಗ ಕಂಡರೆ ತುಂಬುವುದು ನಮ್ಮ ಕಸುಬು. ಅಷ್ಟೇ ಆದದ್ದು.

ಈಗ ನಾನು ಆ ಸ್ಟೂಲಿನಿಂದ ಎದ್ದರೆ ಬರುತ್ತೀಯಾ?

ನಿನ್ನ ಮಾವ,
ಊರಿನ ಅಕ್ಷರಗಳಿಗೆಲ್ಲ ಒಡೆಯ


ಫೆಬ್ರವರಿ 19

ಮಾವ,

ನಾನು ಬರೆದದ್ದು ಕಾರ್ಯದರ್ಶಿಯವರಿಗೆ, ನಿಮಗಲ್ಲ.

ನೀವು ಬಳಿದ ಎನಾಮಲ್ ಬಣ್ಣ ಕೆರೆದರೆ ಕೆಳಗಿರುವ ನನ್ನ ಬಣ್ಣವೂ ಹೋಗುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ನಾನು ಬರೆದದ್ದು ಅದೊಂದೇ. ಬರಿ ಅಂದವಳು ಅವಳೇ. ಸ್ಟೂಲನ್ನು ಅಲ್ಲಿಂದ ತೆಗೆಯಬೇಡ, ಅದೂ ಬರಲಿ ಅಂದವಳೂ ಅವಳೇ. ಅದು ಖಾಲಿ ಜಾಗ ಆಗಿರಲಿಲ್ಲ.

ಉಳಿದದ್ದನ್ನೂ ಕೆಡಿಸುವ ಹಾಗಿದ್ದರೆ ಮುಟ್ಟಬೇಡಿ.

ನಿಮ್ಮ ಅಕ್ಕನ ಮಗಳು


ಮಾರ್ಚ್ 8

ಗುಬ್ಬಿ,

'ನಿಮಗೆ' ಅಂತ ಬರೆದಿದ್ದೀಯ. ನನ್ನ ಹೆಗಲ ಮೇಲೆ ಕೂತು 'ಬಗ್ಗೋ ಮಾವ, ತಲೆಗೆ ಬಾಗಿಲು ತಾಗತ್ತೆ' ಎಂದು ಕಿವಿ ಎಳೆಯುತ್ತಿದ್ದವಳು. ಇರಲಿ. ಈ ವಯಸ್ಸಿನಲ್ಲಿ ಮರ್ಯಾದೆ ಎಲ್ಲಿಂದ ಬಂದರೂ ಬೇಡ ಅನ್ನಬಾರದು.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ನನಗೆ ಕುಂಚ ಹಿಡಿಸಿದ ಗುರುಗಳು ಅಕ್ಷರಕ್ಕಿಂತ ಮೊದಲು ಕಲಿಸಿದ ಪಾಠ ಇದು. "ಇನ್ನೊಬ್ಬರ ಬಣ್ಣದ ಮೇಲೆ ಕೈಯಿಡೋ ಮುಂಚೆ ಅರಗಿನ ವಾರ್ನಿಶ್ ಬಳಿಯೋ. ನಾಳೆ ಅವನು ಬಂದು ನಂದು ನಂಗೆ ಕೊಡು ಅಂದ್ರೆ ಕೊಡೋ ಹಾಗಿರಬೇಕು." ಹಳೇ ಬೋರ್ಡಿನ ಮೇಲೆ ಹೊಸ ಹೆಸರು ಬರೆಯುವಾಗಲೆಲ್ಲ ನಾವು ಹಾಗೆಯೇ ಮಾಡುವುದು. ನಿನ್ನ ಚಿತ್ರದ ಮೇಲೆ ಕೂರುವ ಮುಂಚೆಯೂ ನಾನು ವಾರ್ನಿಶ್ ಬಳಿದಿದ್ದೆ. ತಲೆಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿತ್ತು ಅಂತ ಕಾಣುತ್ತದೆ.

ಹಾಗಾಗಿ ಕೆರೆಯುವುದಿಲ್ಲ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅಂಚಿಗೆ ಒತ್ತಿ ಹಿಡಿಯುತ್ತೇನೆ. ಒಳಗಿನ ವಾರ್ನಿಶ್ ಮೆತ್ತಗಾದರೆ ಮೇಲಿನ ಎನಾಮಲ್ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ದಿನಕ್ಕೆ ಒಂದು ಬೆರಳಗಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ಉಲ್ಟಾ. ಎರಡು ಮಧ್ಯಾಹ್ನದಲ್ಲಿ ಕೂತ ಆಸಾಮಿ ಏಳುವುದಕ್ಕೆ ತಿಂಗಳುಗಟ್ಟಲೆ ಸತಾಯಿಸುವ ಹಾಗೆ ಕಾಣುತ್ತಾನೆ.

ಇವತ್ತಿಗೆ ಬೂಟು ಎರಡೂ ಹೋದವು. ಜನ್ಮದಲ್ಲಿ ಬೂಟು ಹಾಕಿದವನಲ್ಲ ನಾನು. ಏಣಿಯಿಂದ ಬಿದ್ದಾಗಿನಿಂದ ಎಡಗಾಲು ಎಳೆಯುತ್ತದೆ, ಚಪ್ಪಲಿಯೇ ಗತಿ. ಚಿತ್ರದಲ್ಲಾದರೂ ಹಾಕೋಣ ಅಂತ ಹಾಕಿದ್ದೆ. ಬೂಟಿನ ಕೆಳಗೆ ನಿನ್ನ ನೆಲ ಹಾಗೆಯೇ ಇದೆ, ಬಿರುಕು ಬಿಟ್ಟ ಆ ಒಂದು ಟೈಲ್ಸಿನ ಸಮೇತ.

ಗ್ಯಾಲರಿಯಲ್ಲಿ ಹೆಸರಾಂತರ ಜಗಳ ಕೇಳಬೇಕು ನೀನು. ನೀರುಬಣ್ಣದ ಮೇಷ್ಟ್ರು ಬಾಗಿಲಿನ ಎದುರು ಗೋಡೆ ತಮಗೇ ಬೇಕು ಎಂದು ಟೇಪು ಹಿಡಿದು ನಿಂತಿದ್ದರು. ಮರದಲ್ಲಿ ಕೆತ್ತುವ ಅಜ್ಜ ಕೂತಲ್ಲಿಂದಲೇ, "ಅಲ್ಲಿ ಬಿಸಿಲು ಬೀಳತ್ತೆ ಮೇಷ್ಟ್ರೇ, ನಿಮ್ಮ ನೀರೆಲ್ಲ ಆರಿಹೋಗತ್ತೆ" ಅಂದ. ಒಂದು ವಾರದಿಂದ ಇಬ್ಬರಿಗೂ ಮಾತಿಲ್ಲ. ಆ ಗೋಡೆಗೆ ನಾನು ಆಗಲೇ ಎರಡು ಮೊಳೆ ಹೊಡೆದಾಗಿದೆ. ಯಾರಿಗೆ ಅಂತ ಯಾರಿಗೂ ಹೇಳಿಲ್ಲ.

ನಿನ್ನ ಮಾವ


ಮಾರ್ಚ್ 30

ಗುಬ್ಬಿ,

ನೀನು ಉತ್ತರ ಬರೆಯಲಿಲ್ಲ. ಆದರೂ ಬರೆಯುತ್ತಿದ್ದೇನೆ, ಬರೆದು ಬರೆದು ಅಭ್ಯಾಸವಾದ ಕೈ.

ಮೊಣಕಾಲು, ಷರಟು, ಹೆಗಲು ಎಲ್ಲ ಮುಗಿದು, ಈ ವಾರ ಮುಖ. ಅಷ್ಟು ಮುತುವರ್ಜಿಯಿಂದ ಬರೆದ ಮುಖ, ಒಂದೇ ಹತ್ತಿಯ ಉಂಡೆಗೆ ಬಂದುಬಿಟ್ಟಿತು. ಬೆಳಕಿಗೆ ಹಿಡಿದು ನೋಡಿದೆ. ಯಾವುದು ಮೂಗು, ಯಾವುದು ಮೀಸೆ, ಒಂದೂ ತಿಳಿಯಲಿಲ್ಲ.

ನನ್ನ ತಲೆ ಹೋದ ಜಾಗದಲ್ಲಿ ಬಾಗಿಲು ಕಾಣಿಸಿತು. ಅರ್ಧ ತೆರೆದ ಬಾಗಿಲು, ಆಚೆಗೆ ಮೆಟ್ಟಿಲಿನ ಕಂಬಿ. ನಾಲ್ಕು ವರ್ಷ ಈ ಚಿತ್ರ ಇಳಿಸಿ ನೋಡಿದಾಗಲೆಲ್ಲ ಅಕ್ಕ ನನ್ನನ್ನೇ ನೋಡುತ್ತಿದ್ದಾಳೆ ಎಂದು ಬೀಗುತ್ತಿದ್ದೆ. ಅವಳು ನೋಡುತ್ತಿದ್ದದ್ದು ಬಾಗಿಲನ್ನು. ನಾನು ಅಡ್ಡ ಕೂತಿದ್ದೆ.

ಈಗ ಒಂದು ಮಾತು ಹೇಳುತ್ತೇನೆ. ಓದಿದ ಮೇಲೆ ಈ ಹಾಳೆ ಹರಿದರೂ ಸರಿ.

ಐದಂತಸ್ತಿನ ಗೋಡೆ ಮೂರನೇ ದಿನಕ್ಕೇ ಮುಗಿದಿತ್ತು. ಉಳಿದ ಹದಿನಾರು ದಿನ ನಾನು ಗೋಡೆಗೆ ಕಟ್ಟಿದ ಸಾರುವೆಯ ಮೇಲೆ ಹತ್ತಿ, ಒಣಗಿದ ಅಕ್ಷರಗಳ ಮೇಲೆ ಒಣ ಕುಂಚ ಆಡಿಸುತ್ತ ಕೂತಿದ್ದೆ. ಕೆಳಗೆ ಹೋಗುವವರು, "ಇನ್ನೂ ಮುಗೀಲಿಲ್ವೇನೋ ಬೋರ್ಡಪ್ಪ?" ಎಂದು ಕೇಳಿದರೆ, "ದೊಡ್ಡ ಕೆಲಸ ಕಣ್ರೀ, ನಿಮಗೆ ಅರ್ಥವಾಗಲ್ಲ" ಅನ್ನುತ್ತಿದ್ದೆ.

ಎರಡು ಸಲ ನಿಮ್ಮ ಮನೆಗೆ ಬಂದೆ. ಎಂಟನೆಯ ದಿನ ಒಂದು ಸಲ, ಹದಿನಾಲ್ಕನೆಯ ದಿನ ಒಂದು ಸಲ. ಇಪ್ಪತ್ತೆರಡು ಮೆಟ್ಟಿಲು ಹತ್ತಿದೆ. ಒಳಗಿಂದ ಅವಳು ಉಸಿರೆಳೆಯುವ ಸದ್ದು ಕೇಳಿಸಿತು. ಹೊಲಿಗೆ ಮಿಷನ್ ತುಳಿದು ನನ್ನನ್ನು ಸಾಕಿದವಳು ಅವಳು. ನನ್ನ ಮೊದಲ ಬೋರ್ಡಿನ ದಿನ ಕೆಳಗೆ ಏಣಿ ಹಿಡಿದು, "ಮೇಲೆ ನೋಡ್ಕೊಂಡು ಬರಿಯೋ, ಕೆಳಗೆ ನಾನಿದೀನಿ" ಅಂದಿದ್ದಳು. ಆ ಗಂಟಲಿನಿಂದ ಆ ಸದ್ದು. ಬಾಗಿಲಿನ ಮೇಲೆ ಕೈಯೆತ್ತಿದೆ. ಬಡಿಯಲಾಗಲಿಲ್ಲ. ಐದಂತಸ್ತು ಹತ್ತುತ್ತೇನೆ ಎಂದು ಎದೆ ತಟ್ಟುವವನು ಬಂದ ಮೆಟ್ಟಿಲನ್ನೇ ಇಳಿದು ಹೋದೆ.

ಖಾಲಿ ಜಾಗ ತುಂಬುವುದು ಕಸುಬು ಅಂತ ಬರೆದಿದ್ದೆನಲ್ಲ, ಅದು ಸುಳ್ಳು.

ಮಾವ


ಏಪ್ರಿಲ್ 12

ಮಾವ,

ಎಂಟನೆಯ ದಿನ ನಿಮ್ಮ ಹೆಜ್ಜೆ ಅಮ್ಮನಿಗೆ ಕೇಳಿಸಿತ್ತು. ಎಡಗಾಲಿನ ಚಪ್ಪಲಿ ಎಳೆಯುವ ಸದ್ದು. "ಬಂದ ಕಣೇ, ಬಾಗಿಲು ತೆಗಿ" ಅಂದಳು. ನಾನು ಕುಂಚ ತೊಳೆಯುತ್ತಿದ್ದೆ, ಕೈ ಒರೆಸಿಕೊಂಡು ಹೋಗಿ ಬಾಗಿಲು ತೆಗೆದೆ. ಯಾರೂ ಇರಲಿಲ್ಲ.

ಅವಳಿಗೆ ಭ್ರಮೆ ಅಂದುಕೊಂಡೆ. ಡಾಕ್ಟರಿಗೂ ಹಾಗೆಯೇ ಹೇಳಿದೆ, ಔಷಧಿ ಬದಲಾಯಿಸಿದರು. ಹದಿನಾಲ್ಕನೆಯ ದಿನ ಮತ್ತೆ ಅಂದಾಗ ನಾನು ಏಳಲೇ ಇಲ್ಲ. "ಯಾರೂ ಇಲ್ಲ, ಮಲಕ್ಕೋ ಅಮ್ಮಾ" ಎಂದು ಗದರಿದೆ. ಬಾಗಿಲು ಅರ್ಧ ತೆಗೆದಿಡು ಅಂದಳು. ಅದನ್ನೇ ನಾನು ಬರೆದದ್ದು.

ಅವಳು ಸರಿಯಾಗಿಯೇ ಕೇಳಿಸಿಕೊಂಡಿದ್ದಳು ಎಂದು ನಾಲ್ಕು ವರ್ಷದ ಮೇಲೆ ಹೇಳುತ್ತಿದ್ದೀರಿ. ಈಗ ನಾನು ಯಾರ ಹತ್ತಿರ ಹೋಗಿ ತಪ್ಪಾಯಿತು ಅನ್ನಲಿ?


ಏಪ್ರಿಲ್ 28

ಗುಬ್ಬಿ,

ನಿನ್ನ ಕಾಗದ ಬಂದ ಮೇಲೆ ಐದು ದಿನ ಅಂಗಡಿಯ ಶಟರ್ ಎತ್ತಲಿಲ್ಲ. ಕಾರ್ಯದರ್ಶಿಯಮ್ಮ ಬಂದು ಬಡಿದು, "ಏನ್ರೀ, ಪ್ರದರ್ಶನ ಇಟ್ಕೊಂಡು ಮಲಗಿದ್ದೀರಾ?" ಎಂದರು. ಕಾಗದ ಅವರಿಗೆ ಕೊಟ್ಟೆ. ನಿಂತೇ ಓದಿದರು. ಬೈಯುತ್ತಾರೆ ಅಂದುಕೊಂಡೆ. "ಕೈ ಒಂದು ಉಳಿದಿದೆ ಅಂದಿದ್ರಿ, ಅದನ್ನ ಮುಗಿಸಿ" ಎಂದು ಹೇಳಿ, ನಾನು ಮುಗಿಸುವವರೆಗೂ ಬಣ್ಣದ ಡಬ್ಬಿಯ ಮೇಲೆ ಕೂತಿದ್ದರು.

ಅಕ್ಕನ ಕೈಯನ್ನು ಹಿಡಿದ ನನ್ನ ಕೈಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಬೇಕೆಂದೇ. ಹತ್ತಿ ಒತ್ತಿದೆ. ಮೊದಲು ನನ್ನ ಹೆಬ್ಬೆರಳು ಎದ್ದಿತು, ಆಮೇಲೆ ಒಂದೊಂದೇ ಬೆರಳು. ಕೆಳಗೆ ಅವಳ ಕೈ. ಅಂಗೈ ಮೇಲೆ ಮಾಡಿ ಸ್ಟೂಲಿನ ಮೇಲೆ ಇಟ್ಟಿದ್ದಾಳೆ. ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಆ ಬೆರಳ ತುದಿಯನ್ನೂ ನೀನು ಬಿಟ್ಟಿಲ್ಲ. ಅವತ್ತು ನಾನು ಅದನ್ನು ನೋಡದೆಯೇ ಮುಚ್ಚಿದ್ದೆ. ನೋಡಿದ್ದರೆ ಮುಚ್ಚಲು ಆಗುತ್ತಿರಲಿಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ.

ಕೊನೆಯ ಸಿಪ್ಪೆ ಎತ್ತುವಾಗ ಹತ್ತಿಯಿಂದ ಬಣ್ಣ ಕೂಡಿದ ಒಂದು ಹನಿ ಜಾರಿ ಬಿಳಿ ಪ್ಯಾಂಟಿನ ಮೇಲೆ ಬಿತ್ತು. ನಲವತ್ತು ವರ್ಷದಲ್ಲಿ ಮೊದಲನೆಯದು. ಕಾರ್ಯದರ್ಶಿಯಮ್ಮ ನೋಡಿದರು, ನೋಡದ ಹಾಗೆ ಮಾಡಿದರು. ಆದರೆ ಆಡಿದ ಮಾತು ಆಡಿದ ಮಾತೇ. ಮೀಸೆ ಬೋಳಿಸಿದೆ.

ಚಿತ್ರ ಈಗ ನೀನು ಬಿಟ್ಟು ಹೋದ ಹಾಗೆಯೇ ಇದೆ. ಬಾಗಿಲಿನ ಎದುರು ಗೋಡೆಯ ಎರಡು ಮೊಳೆ ಅದಕ್ಕೇ. ಫಲಕದಲ್ಲಿ ಹನ್ನೊಂದನೆಯ ಹೆಸರು ನಿನ್ನೆ ಬರೆದೆ. ನೀರುಬಣ್ಣದ ಮೇಷ್ಟ್ರು ಟೇಪು ಹಿಡಿದು ಬಂದವರು ಚಿತ್ರದ ಮುಂದೆ ಸುಮಾರು ಹೊತ್ತು ನಿಂತು, ಟೇಪು ಜೇಬಿಗೆ ಹಾಕಿಕೊಂಡು ಹೋದರು.

ಒಂದನ್ನು ಕೇಳಬೇಕು. ಬಾಗಿಲು ತೆಗೆದು 'ಯಾರೂ ಇಲ್ಲ' ಅಂದಾಗ ಅಕ್ಕ ಏನಂದಳು? ಬೈದಿದ್ದರೆ ಬೈದ ಹಾಗೆಯೇ ಬರಿ.

ಮಾವ


ಮೇ 14

ಗುಬ್ಬಿ,

ನೀನು ಬರಲಿಲ್ಲ.

ಹತ್ತನೆಯ ತಾರೀಕು ಜನ ಬಂದರು. ಮರದ ಅಜ್ಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಅವನನ್ನು ಅವನ ಹೆಂಡತಿಯೇ ಗುರುತು ಹಿಡಿಯಲಿಲ್ಲ. ಉಳಿದ ಹತ್ತು ಮಂದಿ ಕಲಾವಿದರನ್ನೂ ವೇದಿಕೆಗೆ ಕರೆದರು. ನಿನ್ನ ಹೆಸರು ಕರೆದಾಗ ಕಾರ್ಯದರ್ಶಿಯಮ್ಮ ನನ್ನ ಕಡೆ ನೋಡಿದರು. ನಾನು ದೀಪ ತಿರುಗಿಸುವವನ ಹಾಗೆ ಮೇಲೆ ನೋಡಿದೆ.

ಹನ್ನೆರಡನೆಯ ತಾರೀಕು ಮಧ್ಯಾಹ್ನ ಒಬ್ಬ ತಾಯಿ ತನ್ನ ಪುಟ್ಟ ಮಗಳನ್ನು ಕರೆದುಕೊಂಡು ಬಂದಿದ್ದಳು. ಮಗು ಅಕ್ಕನ ಮುಂದೆ ನಿಂತು ನನ್ನನ್ನು ಕೇಳಿತು:

"ತಾತಾ, ಈ ಸ್ಟೂಲ್ ಮೇಲೆ ಯಾರು ಕೂರ್ತಾರೆ?"

ನನ್ನ ಬಾಯಿ ನಿನಗೆ ಗೊತ್ತಲ್ಲ. ಎಂಥ ಕಥೆ ಬೇಕಾದರೂ ಹೊಸೆಯಬಹುದಿತ್ತು.

"ನಾನು ಕೂರಬೇಕಿತ್ತು ಪುಟ್ಟಾ. ಬರಲಿಲ್ಲ."

"ಯಾಕೆ, ಬಸ್ ಸಿಗ್ಲಿಲ್ವಾ?"

"ಪಕ್ಕದ ಬೀದಿನೇ."

"ಮತ್ತೆ?"

"ಹೆದರಿಕೆ ಆಯ್ತು."

ಅದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ದೊಡ್ಡೋರಿಗೆ?" ಎಂದಿತು. ತಾಯಿ ಕೈ ಹಿಡಿದು ಎಳೆದುಕೊಂಡು ಹೋದಳು.

ಚಿತ್ರ ನೀನು ಬಿಟ್ಟ ಹಾಗೆಯೇ ಇದೆ, ನನ್ನ ಮಾತು ನಂಬು. ನಂಬು ಅನ್ನುವುದಕ್ಕೆ ನಾನು ಯಾರು, ಅದೂ ಸರಿಯೇ.

ಮಾವ


ಮೇ 25

ಮಾವ,

ಬಂದಿದ್ದೆ.

ಹನ್ನೆರಡನೆಯ ತಾರೀಕು, ಅದೇ ಮಧ್ಯಾಹ್ನ. ಮರದ ಕೆತ್ತನೆಗಳ ಹಿಂದೆ ಕಂಬದ ಪಕ್ಕ ನಿಂತಿದ್ದೆ. ಚಿತ್ರ ನೋಡಿದೆ. ನನ್ನ ಬಣ್ಣ ಎಲ್ಲೂ ಹೋಗಿಲ್ಲ. ಆ ಮಗು ಕೇಳಿದ್ದೂ ಕೇಳಿಸಿತು, ನೀನು ಹೇಳಿದ್ದೂ ಕೇಳಿಸಿತು. ನೀನು ತಿರುಗಿದ್ದರೆ ಕಾಣುತ್ತಿದ್ದೆ. ನೀನು ತಿರುಗಲಿಲ್ಲ, ನಾನು ಕರೆಯಲಿಲ್ಲ. ನಾಲ್ಕು ಹೆಜ್ಜೆ ಇಟ್ಟಿದ್ದರೆ ಆಗುತ್ತಿತ್ತು. ಬಾಗಿಲವರೆಗೆ ಬಂದು ವಾಪಸ್ ಹೋಗುವುದು ಹೇಗೆ ಎಂದು ಅವತ್ತು ನನಗೂ ತಿಳಿಯಿತು.

ಮೀಸೆ ಇಲ್ಲದೆ ನೀನು ಥೇಟ್ ಅಮ್ಮನ ಹಾಗೆ ಕಾಣುತ್ತೀಯ. ಅದಕ್ಕೇ ನಿಲ್ಲಲಾಗಲಿಲ್ಲ.

ಕೇಳಿದ್ದೆಯಲ್ಲ. ಅಮ್ಮ ಬೈಯಲಿಲ್ಲ. ಎಂಟನೆಯ ದಿನ ನಾನು ಬಾಗಿಲು ತೆಗೆದು ಯಾರೂ ಇಲ್ಲ ಅಂದಾಗ, "ಬಿಳೀ ಪ್ಯಾಂಟ್ ಹಾಕ್ಕೊಂಡು ಬಂದಿರ್ತಾನೆ. ಸ್ಟೂಲ್ ಮೇಲೆ ಧೂಳಿತ್ತೇನೋ, ಒರೆಸಿಡು" ಅಂದಳು. ಅವತ್ತಿನಿಂದ ದಿನಾ ಬೆಳಿಗ್ಗೆ ಒರೆಸಿದೆ. ಒರೆಸಿದ ಮೇಲೆ ಅವಳು ಅಂಗೈಯಿಂದ ಮುಟ್ಟಿ ನೋಡುತ್ತಿದ್ದಳು, ಧೂಳು ಉಳಿದಿದೆಯಾ ಅಂತ. ಹತ್ತೊಂಬತ್ತನೆಯ ದಿನವೂ ಮುಟ್ಟಿದಳು. ಆಮೇಲೆ ಕೈ ಅಲ್ಲೇ ಇಟ್ಟುಕೊಂಡಳು.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ಸಲ ಕೂತೆ. ಆ ಮಾತು ನನ್ನ ಹತ್ತಿರ ಇಲ್ಲ, ಮಾವ. ಅದು ಅವಳ ಹತ್ತಿರ ಇತ್ತು. ನನಗೆ ಬೇಕಾದದ್ದೂ ಅವಳ ಹತ್ತಿರವೇ ಇತ್ತು.

ಚಿತ್ರವನ್ನು ನನಗೆ ಕಳಿಸಬೇಡ.

ಗುಬ್ಬಿ


ಜೂನ್ 4

ಗುಬ್ಬಿ,

ಪ್ರದರ್ಶನ ಮುಗಿಯಿತು. ಎಲ್ಲರ ಚಿತ್ರ ಇಳಿಸಿ, ಸುತ್ತಿ, ಅವರವರ ಮನೆಗೆ ಮುಟ್ಟಿಸಿದೆ. ಅಕ್ಕ ಮಾತ್ರ ಅಲ್ಲೇ ಇದ್ದಾಳೆ. ಆ ಗೋಡೆ ಅವಳದೇ ಎಂದು ಕಾರ್ಯದರ್ಶಿಯಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ನಿನ್ನ ಕಾಗದ ದಿನಾ ಒಂದು ಸಲ ಓದುತ್ತೇನೆ. ಧೂಳಿನ ಮಾತು ಬಂದ ಕಡೆ ನಿಲ್ಲಿಸುತ್ತೇನೆ.

ನನ್ನ ಅಂಗಡಿಯಲ್ಲಿ ಬಣ್ಣದ ಡಬ್ಬಿ ಇಡುವ ಒಂದು ಸ್ಟೂಲು ಇತ್ತಲ್ಲ, ಚಿಕ್ಕವಳಿದ್ದಾಗ ಅದರ ಮೇಲೆ ಕೂತು ನನ್ನ ಕುಂಚಗಳನ್ನೆಲ್ಲ ಹಾಳು ಮಾಡುತ್ತಿದ್ದೆ. ಡಬ್ಬಿಗಳನ್ನು ಕೆಳಗಿಳಿಸಿದ್ದೇನೆ. ಬೆಳಿಗ್ಗೆ ಶಟರ್ ಎತ್ತಿದ ಮೇಲೆ ಮೊದಲು ಒರೆಸುವುದು ಅದನ್ನೇ. ಒರೆಸಿ ಅಂಗೈಯಿಂದ ಮುಟ್ಟಿ ನೋಡುತ್ತೇನೆ.

ನೀನು ಬರಲೇಬೇಕು ಅಂತಲ್ಲ. ಬಾಗಿಲವರೆಗೆ ಬಂದು ಹೋದರೂ ಹೋಗು. ಶಟರ್ ಪೂರ್ತಿ ಎತ್ತಿರುತ್ತೇನೆ.

ಮಾವ